ಚಿಪ್ಪಿನಲ್ಲಿ ಮುತ್ತುಂಟೆ?

ಆಳಂದ ತಾಲ್ಲೂಕಿನ ಮಾದನಹಿಪ್ಪರಗಾದಂತಹ ಊರಿನಲ್ಲಿ ಮನೆಯ ಮುಂದೆ ಚಿಕ್ಕ ಕಾರೊಂದು ಬಂದು ನಿಲ್ಲುವುದೆಂದರೆ ಸಣ್ಣ ಸಂಗತಿಯಲ್ಲ. ತೊಗರಿಯ ರಾಶಿ ಕೈಗೂಡಿದ ವರ್ಷ, ಸಾಲದ ಕಂತು ಕಟ್ಟುವ ಧೈರ್ಯ ಬಂದ ಬಳಿಕ, ಮನೆಮಂದಿಯೆಲ್ಲ ಕೂಡಿ ಮಾಡಿದ ನಿರ್ಧಾರದ ಫಲವದು. ಆ ಒಂದೇ ಕಾರು ಕಲಬುರಗಿಯ ಆಸ್ಪತ್ರೆಗೂ ಓಡಬೇಕು, ಗಾಣಗಾಪುರದ ದತ್ತನ ದರ್ಶನಕ್ಕೂ ಹೋಗಬೇಕು, ಗಡಿ ದಾಟಿ ಅಕ್ಕಲಕೋಟೆ, ಸೊಲ್ಲಾಪುರಗಳನ್ನೂ ಮುಟ್ಟಿ ಬರಬೇಕು. ಐವರು ಕುಳಿತು, ಮೇಲೆ ಗಂಟುಮೂಟೆಯನ್ನೂ ಹೇರಿದರೆ ಏರಿನಲ್ಲಿ ಅದು ಏದುಸಿರು ಬಿಡುವುದು ಸಹಜವೇ. ಮನೆಯ ತರುಣನ ಮನಸ್ಸು 'ಚಿಪ್' ಎಂಬ ವಸ್ತುವಿನತ್ತ ಹರಿಯುವುದು ಆಗಲೇ. ಕೆಲವು ನೂರು ರೂಪಾಯಿಯಿಂದ ಹಲವು ಸಾವಿರ ರೂಪಾಯಿಯವರೆಗೆ ಅದರ ಬೆಲೆ. ಹಾಕಿಸಿದೊಡನೆ ಕಾರಿಗೆ ಕುದುರೆಯ ಕಾಲು ಬರುವುದೆಂದು ಮಾರುವವನ ಮಾತು. ಈ ಚಿಪ್ಪಿನೊಳಗೆ ನಿಜವಾಗಿಯೂ ಮುತ್ತುಂಟೆ?

ಕಾರ್ಬ್ಯುರೇಟರಿನ ಕಾಲದಲ್ಲಿ ಮೇಸ್ತ್ರಿಯು ಕಿವಿಗೊಟ್ಟು ಕೇಳಿ, ತಿರುಪು ತಿರುಗಿಸಿ ಮಾಡುತ್ತಿದ್ದ ಕೆಲಸವನ್ನು ಇಂದಿನ ಕಾರುಗಳಲ್ಲಿ ಇಸಿಯು ಎಂಬ ಪುಟ್ಟ ಗಣಕಯಂತ್ರ ಮಾಡುತ್ತದೆ. ಎಷ್ಟು ಇಂಧನ, ಯಾವ ಕ್ಷಣಕ್ಕೆ ಕಿಡಿ ಎಂಬುದನ್ನು ನಿರ್ಧರಿಸುವುದು ಅದೇ. ಚಿಪ್ ಹಾಕುವುದೆಂದರೆ ಆ ಯಂತ್ರದೊಳಗಿನ ಲೆಕ್ಕವನ್ನು ತಿದ್ದುವುದು, ಇಲ್ಲವೆ ಅದಕ್ಕೆ ಸುಳ್ಳು ಸುದ್ದಿ ಹೇಳಿ ಹೆಚ್ಚು ಇಂಧನ ಬಿಡಿಸುವುದು.

ಆದರೆ ಎಂಜಿನ್ನಿಗೆ ಬಲ ಬರುವುದು ಇಂಧನವೊಂದರಿಂದಲೇ ಅಲ್ಲ, ಗಾಳಿಯೂ ಬೇಕು. ಒಂದು ಭಾಗ ಪೆಟ್ರೋಲು ಪೂರ್ತಿಯಾಗಿ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕು. ಆಲ್ಟೊ 800ರ ಎಂಜಿನ್ನು 796 ಘನ ಸೆಂಟಿಮೀಟರಿನದು. ಅದರ ಹೊಟ್ಟೆ ಹಿಡಿಯುವಷ್ಟೇ ಗಾಳಿಯನ್ನು ಅದು ಎಳೆದುಕೊಳ್ಳಬಲ್ಲದು. ಗಾಳಿ ಹೆಚ್ಚದೆ ಪೆಟ್ರೋಲನ್ನಷ್ಟೇ ಹೆಚ್ಚಿಸಿದರೆ ಬಲಕ್ಕಿಂತ ಖರ್ಚೇ ಹೆಚ್ಚು. ಕಿಡಿಯ ಕ್ಷಣವನ್ನು ತುಸು ಹಿಂದುಮುಂದು ಮಾಡಿ ನುರಿತ ಕೈ ಶೇಕಡಾ 5ರಷ್ಟು ಬಲವನ್ನು ಹೊರತೆಗೆದೀತು. 48 ಅಶ್ವಶಕ್ತಿಯ ಕಾರಿಗೆ ಅದು ಎರಡೂವರೆ ಅಶ್ವಶಕ್ತಿಯೂ ಆಗದು. ಇನ್ನೊಂದು ವಿಚಾರವುಂಟು: ಬಿಸಿಯಾದ ಗಾಳಿ ತೆಳುವಾಗುತ್ತದೆ. 25 ಡಿಗ್ರಿಯ ಗಾಳಿಗೆ ಹೋಲಿಸಿದರೆ 42 ಡಿಗ್ರಿಯ ಗಾಳಿಯಲ್ಲಿ ಸತ್ತ್ವ ಶೇಕಡಾ 5ರಷ್ಟು ಕಡಿಮೆ. ಚಿಪ್ಪು ಕೊಟ್ಟುದನ್ನೆಲ್ಲ ಕಲಬುರಗಿ ಸೀಮೆಯ ಬೇಸಗೆ ಒಂದೇ ಮಧ್ಯಾಹ್ನ ಕಸಿದುಕೊಳ್ಳುತ್ತದೆ!

ಇದು ಪ್ರಾಮಾಣಿಕ ಚಿಪ್ಪಿನ ಮಾತಾಯಿತು. ಕೆಲವು ನೂರು ರೂಪಾಯಿಗೆ ಸಿಕ್ಕುವ, ಸ್ಟೇರಿಂಗಿನ ಕೆಳಗಿನ ಕಿಂಡಿಗೆ ಚುಚ್ಚುವ ಡಬ್ಬಿಗಳ ಕತೆಯೇ ಬೇರೆ. ಅಂಥವನ್ನು ಬಿಚ್ಚಿ ಪರೀಕ್ಷಿಸಿದವರಿಗೆ ಮಿನುಗುವ ದೀಪಗಳು ಕಂಡುವೇ ಹೊರತು, ಇಸಿಯುವಿನೊಡನೆ ಮಾತನಾಡುವ ಸಾಧನವೇ ಕಾಣಲಿಲ್ಲ. ಮತ್ತೆ ಕೆಲವು, ಗಾಳಿಯ ಉಷ್ಣತೆಯನ್ನು ತಿಳಿಸುವ ತಂತಿಗೆ ಒಂದು ರೆಸಿಸ್ಟರನ್ನು ಸಿಕ್ಕಿಸಿ, 'ಗಾಳಿ ತಂಪಾಗಿದೆ' ಎಂದು ಇಸಿಯುವನ್ನು ನಂಬಿಸಲು ಹೊರಡುತ್ತವೆ. ಅದು ಅಷ್ಟು ದಡ್ಡನಲ್ಲ. ಹೊಗೆಕೊಳವೆಯಲ್ಲಿರುವ ಆಕ್ಸಿಜನ್ ಸಂವೇದಕವು ಸತ್ಯವನ್ನು ವರದಿಮಾಡುತ್ತಲೇ, ಹೆಚ್ಚಿದ ಪೆಟ್ರೋಲನ್ನು ಅದು ತಾನೇ ತಗ್ಗಿಸಿಬಿಡುತ್ತದೆ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿಯುತ್ತಾರೆ. ನೋಡಲು ಚೆಂದ. ಬಣ್ಣದ ಬಲದಿಂದ ಎತ್ತು ಕರಿ ಹರಿಯಿತೆಂದು ಯಾವ ರೈತನೂ ಹೇಳಿದ್ದಿಲ್ಲ.

ಟರ್ಬೊ ಇರುವ ಡೀಸೆಲ್ ಕಾರಿನ ಸಂಗತಿ ಮಾತ್ರ ಹಾಗಲ್ಲ. ಟರ್ಬೊ ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಒತ್ತಡವನ್ನೂ ಇಂಧನವನ್ನೂ ಕೂಡಿಯೇ ಏರಿಸಿದರೆ ಶೇಕಡಾ 20ರ ಮೇಲೆಯೂ ಬಲ ಹೆಚ್ಚುವುದುಂಟು. ಇಲ್ಲಿ ಚಿಪ್ಪು ಸುಳ್ಳಾಡುವುದಿಲ್ಲ. 2007ರಲ್ಲಿ ಬಂದ ಡೀಸೆಲ್ ಸ್ವಿಫ್ಟಿನ 1248 ಘನ ಸೆಂಟಿಮೀಟರ್ ಎಂಜಿನ್ನು 75 ಅಶ್ವಶಕ್ತಿಯದು. 2020ರಲ್ಲಿ ಮಾರುತಿ ಕಂಪೆನಿಯು ಡೀಸೆಲ್ ಕಾರುಗಳನ್ನೇ ನಿಲ್ಲಿಸಿತಾದರೂ ಹಳೆಯವು ಇನ್ನೂ ಕೈಯಿಂದ ಕೈಗೆ ಸಾಗುತ್ತಿವೆ. ಅದೇ ಎಂಜಿನ್ನಿನಿಂದ 2012ರ ಎರ್ಟಿಗಾದಲ್ಲಿ ಕಂಪೆನಿಯೇ 90 ಅಶ್ವಶಕ್ತಿ ತೆಗೆಯಿತು. ಹೇಗೆ? ಬರಿಯ ಲೆಕ್ಕ ತಿದ್ದಿ ಅಲ್ಲ. ಟರ್ಬೊವನ್ನೇ ಬದಲಿಸಿ, ಬೇರೆ ಬಗೆಯದನ್ನು ಕೂಡಿಸಿ. ಹಳೆಯ ಟರ್ಬೊ, ಹಳೆಯ ಕ್ಲಚ್ಚುಗಳ ಮೇಲೆಯೇ ಅಷ್ಟು ಹೊರೆ ಹೊರಿಸಿದರೆ, ಲಕ್ಷ ಕಿಲೊಮೀಟರ್ ಓಡಿ ದಣಿದ ಕಾರಿನಲ್ಲಿ ಮೊದಲು ಜಾರುವುದು ಕ್ಲಚ್ಚು.

ಇದೇನೂ ಹೊಸ ವಿದ್ಯೆಯಲ್ಲ. 1951ರಲ್ಲಿ ಸ್ಥಾಪನೆಯಾಗಿ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೈಕೋ ಕಂಪೆನಿಯ ಡೀಸೆಲ್ ಪಂಪುಗಳು ಲಾರಿಗಳಲ್ಲಿದ್ದ ಕಾಲದಲ್ಲಿಯೂ, ಪಂಪಿನ ತಿರುಪನ್ನು ತಿರುವಿ ಹೆಚ್ಚು ಎಣ್ಣೆ ಬಿಡಿಸುವ ಮೇಸ್ತ್ರಿಗಳಿದ್ದರು. ಲಾರಿ ದಿಬ್ಬವನ್ನು ಹತ್ತುತ್ತಿತ್ತು. ಹಿಂದೆ ಬಂದವರು ಕರಿಹೊಗೆ ಕುಡಿಯುತ್ತಿದ್ದರು.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. ತಯಾರಕರು ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಕೂಡದೆಂಬುದು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನ ಆಶಯ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಮಾರ್ಪಾಟೊಂದಕ್ಕೆ 5000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ. ಆದರೆ ಬಡವನನ್ನು ನಿಜವಾಗಿ ಮುರಿಯುವುದು ದಂಡವಲ್ಲ, ವಿಮೆ. ತಿಳಿಸದೆ ಮಾಡಿಸಿದ ಮಾರ್ಪಾಟು ಅಪಘಾತದ ಬಳಿಕ ಹೊರಬಿದ್ದರೆ, ಪರಿಹಾರಕ್ಕೆ ತಕರಾರು ತೆಗೆಯಲು ಕಂಪೆನಿಗೆ ತಾನಾಗಿ ಆಸ್ಪದ ಕೊಟ್ಟಂತೆ. ಕಂತು ಮಾತ್ರ ನಿಲ್ಲುವುದಿಲ್ಲ. ಹೊಸ ಕಾರಾದರೆ ವಾರಂಟಿಯೂ ಕೈಬಿಟ್ಟೀತು.

ರಾಶಿಯ ದಿನಗಳಲ್ಲಿ ಎರೆಮಣ್ಣಿನ ಧೂಳು ಏರ್ ಫಿಲ್ಟರಿನಲ್ಲಿ ಮೆತ್ತಿ ಕುಳಿತಿರುತ್ತದೆ. ಬಹುಪಾಲು ಪೆಟ್ರೋಲ್ ಕಾರುಗಳ ಏದುಸಿರಿಗೆ ಮೊದಲು ಅದನ್ನೂ, ಸ್ಪಾರ್ಕ್ ಪ್ಲಗ್ಗನ್ನೂ, ಗಾಲಿಯ ಗಾಳಿಯನ್ನೂ ನೋಡುವುದು ಒಳ್ಳೆಯದು. ಅಷ್ಟಾಗಿಯೂ ಡೀಸೆಲ್ ಕಾರಿನ ತರುಣನಿಗೆ ಚಿಪ್ಪಿನ ಆಸೆ ಬಿಡದಿದ್ದರೆ, ಮಾರುವವನನ್ನು ಒಂದು ಮಾತು ಕೇಳಲಿ: ಬಲವನ್ನಳೆಯುವ ಡೈನೊ ಯಂತ್ರದ ಮೇಲೆ, ಒಂದೇ ದಿನ, ಚಿಪ್ಪಿಗೆ ಮೊದಲೊಮ್ಮೆ ಮತ್ತು ಅನಂತರವೊಮ್ಮೆ ತನ್ನದೇ ಕಾರನ್ನು ಓಡಿಸಿ, ಎರಡು ಅಂಕಿಗಳನ್ನೂ ಕಾಗದದಲ್ಲಿ ಬರೆದು ಸಹಿ ಹಾಕಿ ಕೊಡುವೆಯಾ ಎಂದು.