ಹೊಗೆಯಿಲ್ಲದ ಫಿರಂಗಿ, ಹೊರಲಾಗದ ಗಾಳಿ

1915ರ ಹೊತ್ತಿಗೆ, ಮೊದಲ ಮಹಾಯುದ್ಧದಲ್ಲಿ, ಫ್ರಾನ್ಸಿನ ರಣರಂಗದಲ್ಲಿ ಎರಡೂ ಕಡೆಯವರು ಆಳುದ್ದದ ಕಂದಕ ತೋಡಿ ಕೂತುಬಿಟ್ಟಿದ್ದರು. 1914ರ ಕೊನೆಯಿಂದ ನಮ್ಮ ಭಾರತೀಯ ಸೈನಿಕರೂ ಅಲ್ಲಿದ್ದರು. ಕೆಲವು ಕಡೆ ಶತ್ರುವಿನ ಕಂದಕ ನೂರು ಮೀಟರ್ ದೂರವೂ ಇರಲಿಲ್ಲ. ನೇರಕ್ಕೆ ಹಾರುವ ಗುಂಡು ಕಂದಕದ ಮೇಲೆಯೇ ಹಾದುಹೋಗುತ್ತದೆ. ಒಳಗೆ ಬೀಳಬೇಕಾದರೆ ಬಾಂಬು ಆಕಾಶಕ್ಕೇರಿ ನೆತ್ತಿಯ ಮೇಲಿಂದ ಇಳಿಯಬೇಕು. ಅದು ಮಾರ್ಟರ್‌ನ ಕೆಲಸ. ಆದರೆ ಮದ್ದು ಹೊತ್ತಿದ ಕ್ಷಣವೇ ಬೆಳಕು, ಹೊಗೆ, ಸದ್ದು ಮೂರೂ ಚಾಡಿ ಹೇಳುತ್ತವೆ. ಹಾರಿಸಿದವನ ತಲೆಯ ಮೇಲೇ ಮರುಗುಂಡು ಬೀಳುತ್ತದೆ.

ಮದ್ದು ಬಿಟ್ಟು ಗಾಳಿಯಿಂದಲೇ ತಳ್ಳಿದರೆ? ಫ್ರಾನ್ಸಿನ ಎಡ್ಗಾರ್ ಬ್ರಾಂಟ್ 1915ರಲ್ಲಿ 60 ಮಿ.ಮೀ. ಗಾಳಿ ಮಾರ್ಟರ್ ರೂಪಿಸಿದರು. ಅವರು ಮೂಲತಃ ಕಬ್ಬಿಣದಲ್ಲಿ ಕಲೆ ಅರಳಿಸಿದ ಕುಶಲಕರ್ಮಿ. ಪ್ಯಾರಿಸ್‌ನ ಅಜ್ಞಾತ ಸೈನಿಕನ ಸಮಾಧಿಯಲ್ಲಿ 1923ರಿಂದ ಉರಿಯುತ್ತಿರುವ ಜ್ಯೋತಿಯ ಲೋಹದ ಕೆಲಸವೂ ಅವರದೇ. ಆಸ್ಟ್ರಿಯಾ-ಹಂಗರಿ ಸೇನೆ 8, 12, 20 ಸೆಂ.ಮೀ. ಬಾಯಿಯ ಗಾಳಿ ಮಾರ್ಟರ್‌ಗಳನ್ನೇ ಇಳಿಸಿತು.

ಹೊಳಲು ಸುತ್ತಿನ ಜಮೀನುಗಳಲ್ಲಿ ಬೋರ್‌ವೆಲ್ ಫ್ಲಶಿಂಗ್ ಮಾಡುವ ನನಗೆ ಇದರ ಗುಟ್ಟು ಚೆನ್ನಾಗಿ ಗೊತ್ತು. ಕಂಪ್ರೆಸರ್‌ನ ವಾಲ್ವ್ ತೆರೆದೊಡನೆ ತಳದ ಕೆಸರು, ಕಲ್ಲುಪುಡಿ ಹೇಗೆ ಮೇಲಕ್ಕೆ ಚಿಮ್ಮುತ್ತವೋ, ಹಾಗೆಯೇ ಒತ್ತಿ ತುಂಬಿದ ಗಾಳಿ ಒಮ್ಮೆಲೇ ನಳಿಕೆಗೆ ನುಗ್ಗಿ ರೆಕ್ಕೆಯುಳ್ಳ ಬಾಂಬನ್ನು ಎಸೆಯುತ್ತಿತ್ತು. ಬೆಂಕಿಯಿಲ್ಲ, ಹೊಗೆಯಿಲ್ಲ, ಸದ್ದೂ ಕಡಿಮೆ.

ಹಾಗಿದ್ದೂ ಅದು ಬಾಳಲಿಲ್ಲ. ಗಾಳಿ ಹಗುರ, ಅದನ್ನು ಹಿಡಿದಿಡುವ ಸಿಲಿಂಡರ್ ಮಾತ್ರ ಮಣಭಾರ. ಅದನ್ನು ಕೆಸರಿನ ಕಂದಕದಲ್ಲಿ ಹೊತ್ತು ತರಬೇಕು, ಖಾಲಿಯಾದರೆ ಮತ್ತೆ ತುಂಬಿಸಬೇಕು. ವಾಷರ್ ಸವೆದು ಗಾಳಿ ಸೋರಿದರೆ ಬಾಂಬು ಗುರಿ ಮುಟ್ಟುವುದಿಲ್ಲ. ಅದೇ 1915ರಲ್ಲಿ ಇಂಗ್ಲೆಂಡಿನ ವಿಲ್ಫ್ರೆಡ್ ಸ್ಟೋಕ್ಸ್ ಒಂದು ನಳಿಕೆ, ಎರಡು ಕಾಲು, ಒಂದು ತಳಹಲಗೆಯ ಸರಳ ಮಾರ್ಟರ್ ಕೊಟ್ಟರು. ಬಾಂಬನ್ನು ಬಾಯಿಯಿಂದ ಜಾರಿಬಿಟ್ಟರೆ ಆಯಿತು. ಯುದ್ಧ ಮುಗಿದ ಮೇಲೆ ಬ್ರಾಂಟ್ ಅವರೇ ಗಾಳಿ ಬಿಟ್ಟು ಆ ದಾರಿ ಹಿಡಿದರು. ಅವರ 81 ಮಿ.ಮೀ. ಅಳತೆ ಇಂದು ನಮ್ಮ ಸೇನೆಯಲ್ಲೂ ಇದೆ.

ಸೈನಿಕ ಹೊರಬಲ್ಲ ಸಾಧನವೇ ಬಾಳುತ್ತದೆ ಎಂಬ ಸತ್ಯವನ್ನು ನಾನು ಕಲಿತದ್ದು ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಇಂಜಿನಿಯರ್ ಗ್ರೂಪ್‌ನಲ್ಲಿ (ಎಂ.ಇ.ಜಿ.) ಸ್ಯಾಪರ್, ಅಂದರೆ ಸೇನೆಯ ಇಂಜಿನಿಯರಿಂಗ್ ಪಡೆಯ ಸೈನಿಕ, ಆಗಿದ್ದಾಗ. ನಮ್ಮ ಹಿರಿಯರಾದ ಮದ್ರಾಸ್ ಸ್ಯಾಪರ್ಸ್ ಪಡೆಯ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ 1912ರಲ್ಲಿ ರೂಪಿಸಿದ್ದು ಬ್ಯಾಂಗಲೋರ್ ಟಾರ್ಪಿಡೊ: ಸ್ಫೋಟಕ ತುಂಬಿದ ಕೊಳವೆಯ ತುಂಡುಗಳು. ತುಂಡಿಗೆ ತುಂಡು ಜೋಡಿಸಿ, ಮಲಗಿದಲ್ಲಿಂದಲೇ ಮುಳ್ಳುತಂತಿಯ ಕೆಳಗೆ ತಳ್ಳಿ ಸಿಡಿಸಿದರೆ ದಾರಿ ತೆರೆಯುತ್ತದೆ. ಮೊದಲ ಮಹಾಯುದ್ಧದಲ್ಲೂ, ಎರಡನೆಯದರಲ್ಲಿ ನಾರ್ಮಂಡಿಯ ದಡದಲ್ಲೂ ಕೆಲಸಕ್ಕೆ ಬಂತು. ಒಬ್ಬೊಬ್ಬ ಸೈನಿಕ ಒಂದೊಂದು ತುಂಡು ಹೊರಬಲ್ಲ ಎಂಬುದೇ ಅದರ ದೀರ್ಘಾಯುಷ್ಯದ ಕಾರಣ.

ಮಂಡ್ಯದ ಪಿ.ಇ.ಎಸ್. ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುವ ನಮ್ಮ ಹುಡುಗರಿಗೆ, ಹುಡುಗಿಯರಿಗೆ ನಾನು ಹೇಳುವುದಿಷ್ಟೆ: ಕೊಯ್ಲಿನ ಯಂತ್ರವಾಗಲಿ, ಔಷಧಿ ಹೊಡೆಯುವ ಪಂಪಾಗಲಿ, ನಕ್ಷೆ ಬರೆಯುವ ಮುಂಚೆ ಅದನ್ನು ಹೊರುವವರ ಜೊತೆ ಕೆಸರಿನಲ್ಲಿ ನಡೆದು ನೋಡಿ. ಅವರ ಹೆಗಲು ಒಪ್ಪಿದ್ದು ಮಾತ್ರ ಬಾಳುತ್ತದೆ.