ಕೆಸುವಿನ ತುರಿಕೆ ಅಡಗುವುದು ಹೇಗೆ?

ಕೆಸುವಿನ ಗೆಡ್ಡೆ ಸುಲಿಯುವವರು ಮೊದಲು ಕೈಗೆ ಎಣ್ಣೆ ಸವರಿಕೊಳ್ಳುತ್ತಾರೆ. ಕೆಸುವಿನೆಲೆಗೆ ಸವರಿ ಸುರುಳಿ ಸುತ್ತುವ ಪತ್ರೊಡೆಯ ಹಿಟ್ಟಿಗೆ ಹುಣಸೆ ಹುಳಿ ಧಾರಾಳವಾಗಿಯೇ ಬೀಳುತ್ತದೆ. ಇಷ್ಟೆಲ್ಲ ಮಾಡಿಯೂ ಒಮ್ಮೊಮ್ಮೆ ಊಟಕ್ಕೆ ಕೂತವರು ಗಂಟಲು ಕೆರೆಯುತ್ತ ಏಳುವುದುಂಟು. ಆಗ ಬೈಗುಳ ತಿನ್ನುವುದು ಹುಳಿ: ‘ಹುಳಿ ಸಾಲಲಿಲ್ಲ’. ನಿಜವಾಗಿ ಸಾಲದಿದ್ದದ್ದು ಬಹುಮಟ್ಟಿಗೆ ಬೇಯುವ ಹೊತ್ತು.

ಕೆಸುವಿನ ಎಲೆ, ದಂಟು, ಗೆಡ್ಡೆ ಮೂರರಲ್ಲೂ ಕೆಲವು ವಿಶೇಷ ಜೀವಕೋಶಗಳಿವೆ. ಒಂದೊಂದರಲ್ಲೂ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳು ಕಟ್ಟುಕಟ್ಟಾಗಿ ಕೂತಿರುತ್ತವೆ. ಅವು ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳು. ವಿಜ್ಞಾನಿಗಳು ರಾಫೈಡ್ ಎನ್ನುತ್ತಾರೆ. ಎಲೆ ಜಜ್ಜಿದಾಗ, ಕತ್ತರಿಸಿದಾಗ ಕೋಶ ಒಡೆದು ಸೂಜಿಗಳು ಹೊರಗೆ ಚಿಮ್ಮುತ್ತವೆ. ನಾಲಿಗೆಗೆ, ಗಂಟಲಿಗೆ, ಬೆರಳ ಸಂದಿಗೆ ನಾಟುತ್ತವೆ. ಬಹಳ ಕಾಲ ಕಥೆ ಇಷ್ಟೇ ಎಂದು ತಿಳಿದಿದ್ದರು. ಆದರೆ ಒಂದು ತೊಡಕಿತ್ತು. ಚೆನ್ನಾಗಿ ಬೆಂದ ಕೆಸುವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ಸೂಜಿಗಳು ಹಾಗೆಯೇ ಇರುತ್ತವೆ, ತುರಿಕೆ ಮಾತ್ರ ಇರುವುದಿಲ್ಲ.

ಆಸ್ಟ್ರೇಲಿಯಾದ ಬ್ರಾಡ್‌ಬರಿ ಮತ್ತು ನಿಕ್ಸನ್ 1998ರಲ್ಲಿ ಇದಕ್ಕೊಂದು ಉತ್ತರ ಕೊಟ್ಟರು. ಸೂಜಿ ಬರಿಯ ಸೂಜಿಯಲ್ಲ. ಅದರ ಮೈಗೆ ಉರಿ ಹತ್ತಿಸುವ ಇನ್ನೊಂದು ವಸ್ತು ಅಂಟಿಕೊಂಡಿದೆ, ಅದು ಪ್ರೋಟೀನನ್ನು ಸೀಳುವ ಒಂದು ಕಿಣ್ವವಿರಬೇಕು ಎಂದರು. ಸೂಜಿ ಚರ್ಮದಲ್ಲಿ ತೂತು ಕೊರೆಯುತ್ತದೆ, ಕಿಣ್ವ ಆ ತೂತಿನಿಂದ ಒಳಹೊಕ್ಕು ಉರಿಸುತ್ತದೆ. ಇಂಥ ಜೋಡಿಯ ಬಲ ಎಷ್ಟೆಂದು ತೋರಿಸಿದ್ದು 2014ರಲ್ಲಿ ಪ್ರಕಟವಾದ ಜಪಾನಿನ ಕೊನ್ನೊ ತಂಡದ ಪ್ರಯೋಗ. ಅವರು ಬಳಸಿದ್ದು ಕೆಸುವನ್ನಲ್ಲ, ಕಿವಿ ಹಣ್ಣಿನಿಂದ ತೆಗೆದ ಇದೇ ಬಗೆಯ ಸೂಜಿಗಳನ್ನು. ಹರಳೆಣ್ಣೆ ಗಿಡದ ಎಲೆಗೆ ಸೂಜಿ ಮಾತ್ರ ಬಳಿದು ಎರಿ ರೇಷ್ಮೆಹುಳಕ್ಕೆ ಕೊಟ್ಟರು. ಹುಳಕ್ಕೆ ಹೆಚ್ಚೇನೂ ಆಗಲಿಲ್ಲ. ಕಿಣ್ವ ಮಾತ್ರ ಬಳಿದಾಗಲೂ ಅಷ್ಟೇ. ಎರಡನ್ನೂ ಸೇರಿಸಿ ಬಳಿದಾಗ ಹುಳಗಳು ಸತ್ತವು. ಅದೇ ಕ್ಯಾಲ್ಸಿಯಂ ಆಕ್ಸಲೇಟನ್ನು ಸೂಜಿಯಲ್ಲದ ಪುಡಿಯಾಗಿ ಕಿಣ್ವದೊಂದಿಗೆ ಕೊಟ್ಟರೆ ಆ ಪರಿಣಾಮ ಕಾಣಲಿಲ್ಲ. ನನ್ನ ಲೆಕ್ಕದಲ್ಲಿ ಈ ಕೊನೆಯ ಪರೀಕ್ಷೆಯೇ ಬಲು ಜಾಣತನದ್ದು.

ಇಷ್ಟು ಗೊತ್ತಾದರೆ ಅಡುಗೆಮನೆಯ ಪದ್ಧತಿಗಳನ್ನು ಅಳೆಯುವುದು ಸುಲಭ. ಹುಳಿ ಸೂಜಿಯನ್ನು ಕರಗಿಸುತ್ತದೆ ಎನ್ನುವ ಮಾತಿಗೆ ಹುರುಳಿಲ್ಲ. ಕ್ಯಾಲ್ಸಿಯಂ ಆಕ್ಸಲೇಟ್ ಕರಗಲು ಹೈಡ್ರೋಕ್ಲೋರಿಕ್‌ನಂಥ ಕಡು ಆಮ್ಲ ಬೇಕು. ಹುಣಸೆ, ನಿಂಬೆ, ವಾಟೆಹುಳಿಗಳ ಕೈಯಲ್ಲಿ ಆಗುವ ಕೆಲಸವಲ್ಲ. ಆದರೆ ಪ್ರೋಟೀನುಗಳು ಬಿಸಿಗೆ ಕೆಡುತ್ತವೆ, ಹುಳಿ ಸೇರಿದರೆ ಸಾಮಾನ್ಯವಾಗಿ ಇನ್ನಷ್ಟು ಬೇಗ ಕೆಡುತ್ತವೆ. ಹಾಗಾಗಿ ಮುಖ್ಯ ಕೆಲಸ ಬೆಂಕಿಯದು, ಹುಳಿ ಬರೀ ಸಹಾಯಕ. ಪತ್ರೊಡೆಯ ಸುರುಳಿಯನ್ನು ಮೊದಲು ಹಬೆಯಲ್ಲಿ ನಡುವಿನ ಪದರದವರೆಗೂ ಬೇಯಿಸಿ, ಆಮೇಲೆ ಬಿಲ್ಲೆ ಕೊಯ್ದು ಕಾವಲಿಗೆ ಹಾಕುವ ಕ್ರಮ ಸರಿಯಾದದ್ದೇ. ಹಸಿ ಸುರುಳಿಯನ್ನೇ ಕೊಯ್ದು ಕಾವಲಿಯಲ್ಲಿ ಹೊರಗೆ ಗರಿಗರಿ ಮಾಡಿದರೆ ಒಳಗಿನ ಎಲೆ ಹಸಿಯಾಗಿಯೇ ಉಳಿದೀತು. ದಪ್ಪ ಸುರುಳಿಗೆ ಮುಕ್ಕಾಲು ಗಂಟೆ ಹಬೆ ಹೆಚ್ಚೇನಲ್ಲ. ಕೆಸುವಿನೆಲೆಯಿಂದ ಮಾಡುವ ಮಲೆನಾಡಿನ ಕರಕಲಿಯನ್ನು ಹುಳಿ ಹಾಕಿ ಮತ್ತೆ ಮತ್ತೆ ಕುದಿಸುವುದರಲ್ಲೂ ಇದೇ ಹದವಿದೆ.

ತುರಿಕೆ ಹೋಯಿತೆಂದರೆ ಆಕ್ಸಲೇಟೂ ಹೋಯಿತೆಂದಲ್ಲ. ಸೂಜಿಯಾಗಿರುವ ಆಕ್ಸಲೇಟ್ ನೀರಿನಲ್ಲಿ ಕರಗದು. ಅದರ ಬಹುಪಾಲು ಹಾಗೆಯೇ ಹೊರಹೋಗುತ್ತದೆ. ಕರಗುವ ಇನ್ನೊಂದು ಪಾಲು ರಕ್ತಕ್ಕೆ ಸೇರಿ ಮೂತ್ರಕ್ಕೆ ಇಳಿಯುತ್ತದೆ. ಕಿಡ್ನಿ ಕಲ್ಲಿನ ತೊಂದರೆ ಇದ್ದವರಿಗೆ ಸಂಬಂಧಿಸಿದ್ದು ಇದೇ. ಎಲೆಯನ್ನು ನೀರಲ್ಲಿ ಕುದಿಸಿ ಆ ನೀರು ಚೆಲ್ಲಿದರೆ ಈ ಪಾಲು ಕಡಿಮೆಯಾಗುತ್ತದೆ. ಹಬೆಯಲ್ಲಿ ಬೆಂದ ಪತ್ರೊಡೆಯಲ್ಲಿ ಚೆಲ್ಲಲು ನೀರೇ ಇಲ್ಲ, ಪತ್ರೊಡೆಪ್ರಿಯರು ಇದನ್ನು ಗಮನಿಸಬೇಕು. ನ್ಯೂಜಿಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಜೆಫ್ರಿ ಸಾವೇಜ್ ಕೆಸುವಿನ ಎಲೆಯನ್ನು ಹಾಲಿನೊಂದಿಗೆ ಬೇಯಿಸಿಯೂ ನೋಡಿದ್ದಾರೆ. ಹಾಲಿನ ಕ್ಯಾಲ್ಸಿಯಂ ಕರಗುವ ಆಕ್ಸಲೇಟನ್ನು ಹಿಡಿದು ಕರಗದಂತೆ ಮಾಡುತ್ತದೆ. ಜೊತೆಗೆ ಮೊಸರು ಬಡಿಸಿಕೊಳ್ಳುವುದರಿಂದಲೂ ಅಷ್ಟಿಷ್ಟು ಉಪಯೋಗ ಉಂಟು.

ಗೆಡ್ಡೆಯ ವಿಷಯದಲ್ಲಿ ಹೊಗಳಲು ಬೇರೊಂದಿದೆ. ಅದರ ಪಿಷ್ಟದ ಕಣಗಳು ಆಲೂಗಡ್ಡೆಯವಕ್ಕಿಂತ ಎಷ್ಟೋ ಸಣ್ಣವು, ಹೆಚ್ಚಿನವು ಮಿಲಿಮೀಟರಿನ ಸಾವಿರದಲ್ಲಿ ಒಂದರಿಂದ ಐದು ಭಾಗದಷ್ಟು. ಬೆಂದ ಗೆಡ್ಡೆ ಸುಲಭವಾಗಿ ಜೀರ್ಣವಾಗುತ್ತದೆ ಎನ್ನಲು ಇದೊಂದು ಕಾರಣ. ಹವಾಯಿಯಲ್ಲಿ ಗೆಡ್ಡೆ ಅರೆದು ಮಾಡುವ ‘ಪೊಯ್’ ಕೂಸುಗಳಿಗೂ ಉಣಿಸುವ ಆಹಾರ.

ಆದರೆ ಕೆಸು ಬೆಳೆಯ ಸಂಶೋಧಕರ ದೊಡ್ಡ ತಲೆನೋವು ತುರಿಕೆಯಲ್ಲ, ಎಲೆ ಅಂಗಮಾರಿ ಎಂಬ ರೋಗ. ಫೈಟಾಫ್ತೊರ ಕೊಲೊಕೇಸಿಯೆ ಎಂಬ ಸೂಕ್ಷ್ಮಜೀವಿ ಇದಕ್ಕೆ ಕಾರಣ. ಅದನ್ನು ಜಾವಾದಲ್ಲಿ 1900ರಲ್ಲೇ ಗುರುತಿಸಿದ್ದರು. ಕೆಸುವಿನೆಲೆ ನೀರು ಅಂಟಿಸಿಕೊಳ್ಳದು, ಆದರೆ ಮಳೆಗಾಲದಲ್ಲಿ ಹನಿ ನಿಲ್ಲುವ ತುದಿ ಅಂಚುಗಳಲ್ಲೇ ಕಲೆ ಶುರುವಾಗುತ್ತದೆ. ಕಂದು ಕಲೆ ಬಳೆಬಳೆಯಾಗಿ ಹಬ್ಬುತ್ತದೆ, ಅದರ ಮೇಲೆ ಅಂಟಿನಂಥ ಹಳದಿ ಹನಿಗಳು ಒಸರುತ್ತವೆ. ತಿಂಗಳಿಗೂ ಹೆಚ್ಚು ಬಾಳಬೇಕಾದ ಎಲೆ 20 ದಿನದೊಳಗೆ ಮುಗಿಯುತ್ತದೆ. ಎಲೆಯಿಲ್ಲದೆ ಗೆಡ್ಡೆ ದಪ್ಪವಾಗದು.

1993ರಲ್ಲಿ ಈ ರೋಗ ಸಮೋವಾ ದ್ವೀಪಗಳಿಗೆ ಕಾಲಿಟ್ಟಿತು. ಕೆಸು ಅಲ್ಲಿನ ದಿನದೂಟ, ಆಗ ಮುಖ್ಯ ರಫ್ತು ಕೂಡ ಆಗಿತ್ತು. ಹೊಲಗಳಲ್ಲಿ ಹೆಚ್ಚಾಗಿ ಇದ್ದದ್ದು ‘ನಿಯುವೆ’ ಎಂಬ ಒಂದೇ ತಳಿ. ಮರಿಗೆಡ್ಡೆ, ಕಂದುಗಳಿಂದ ಬೆಳೆದ ಗಿಡಗಳೆಲ್ಲ ಒಂದೇ ಅಚ್ಚಿನವು; ಒಂದಕ್ಕೆ ತಾಗಿದ್ದು ಎಲ್ಲಕ್ಕೂ ತಾಗಿತು, ರಫ್ತು ಕುಸಿಯಿತು. ಪಲಾವ್ ದ್ವೀಪಗಳು, ಮೈಕ್ರೋನೇಷ್ಯಾ, ಏಷ್ಯಾಗಳಿಂದ ತಂದ ಸಹಿಷ್ಣು ತಳಿಗಳ ಜೊತೆ ಸಂಕರ ಮಾಡಿ, ರೈತರ ಹೊಲದಲ್ಲೇ ಪರೀಕ್ಷಿಸಿ, ನಿಧಾನಕ್ಕೆ ಹೊಸ ತಳಿಗಳನ್ನು ರೂಪಿಸಿದರು.

ಕೆಸುವಿನಲ್ಲಿ ಸಂಕರ ಸುಲಭದ ಮಾತಲ್ಲ, ಏಕೆಂದರೆ ಗಿಡ ಹೂ ಬಿಡುವುದೇ ಅಪರೂಪ. ಅದಕ್ಕೆ ಜಿಬ್ಬರೆಲಿಕ್ ಆಮ್ಲ ಸಿಂಪಡಿಸಿ ಹೂ ಬರಿಸುತ್ತಾರೆ. ಒಂದೇ ಹೂಗೊನೆಯಲ್ಲಿ ಹೆಣ್ಣು ಭಾಗ ಮೊದಲು ಮಾಗುತ್ತದೆ, ಪರಾಗ ಆಮೇಲೆ ಉದುರುತ್ತದೆ. ಆದ್ದರಿಂದ ಬೇರೆ ಗಿಡದ ಪರಾಗ ತಂದು ಹೊತ್ತಿಗೆ ಸರಿಯಾಗಿ ಕೈಯಿಂದ ಹಚ್ಚಬೇಕು. ನಮ್ಮಲ್ಲಿ ಈ ಕೆಲಸ ನಡೆಯುವುದು 1963ರಲ್ಲಿ ತಿರುವನಂತಪುರದಲ್ಲಿ ಶುರುವಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ. ಅಲ್ಲಿಯ ‘ಶ್ರೀ ಕಿರಣ್’ ಸಂಕರದಿಂದ ಬಂದ ತಳಿ; ಸಂಸ್ಥೆಯ ಭುವನೇಶ್ವರ ಕೇಂದ್ರದ ‘ಮುಕ್ತಕೇಶಿ’ ಅಂಗಮಾರಿಯನ್ನು ತಾಳಿಕೊಳ್ಳುತ್ತದೆ. ಪ್ರತಿ ಮಳೆಗಾಲ ಎಲೆ ಸುಡುವ ಜಾಗದಲ್ಲಿ ಬಿತ್ತನೆಗೆ ಕೇಳಬೇಕಾದದ್ದು ಇಂಥ ತಳಿಯನ್ನು. ಬಿತ್ತನೆ ಗೆಡ್ಡೆಯನ್ನು ರೋಗವಿಲ್ಲದ ಹೊಲದಿಂದಲೇ ತರಬೇಕು. ಹೊರಗೆ ಚೆನ್ನಾಗಿ ಕಂಡ ಗೆಡ್ಡೆಯ ಜೊತೆಗೂ ರೋಗ ಬರಬಹುದು.