ದಿನದ ಲೆಕ್ಕ, ಅಂತರಂಗದ ಅರಿವು: ಸಭಾಸೇವಕನ ಆತ್ಮಪರಿಶೋಧನೆ

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಕಂಡುಹಿಡಿದ ಬಂಡೆಶಾಸನವು ಒಂದು ಹೆಸರಿನಿಂದಾಗಿ ಪ್ರಸಿದ್ಧವಾಗಿದೆ. ‘ದೇವಾನಾಂಪ್ರಿಯ’ ಎಂಬ ಬಿರುದಿನ ಅರಸನು ಅಶೋಕನೇ ಎಂಬುದು ಮೊದಲ ಬಾರಿಗೆ ಸ್ಪಷ್ಟವಾದದ್ದು ಅಲ್ಲಿ. ಆದರೆ ದೇವರ ಸೇವೆಗೆ ಕರೆಯಲ್ಪಟ್ಟವರು ಗಮನಿಸಬೇಕಾದದ್ದು ಆ ಶಾಸನದ ಒಡಲಿನಲ್ಲಿದೆ. ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷಗಳಾದವೆಂದು ಅರಸನು ಅಲ್ಲಿ ಲೆಕ್ಕ ಕೊಡುತ್ತಾನೆ. ಇದೇ ಶಾಸನದ ಬ್ರಹ್ಮಗಿರಿಯ ಪ್ರತಿಯು ಇನ್ನೂ ಒಂದು ಮಾತನ್ನು ಹೇಳುತ್ತದೆ: ಮೊದಲ ಒಂದು ವರ್ಷ ಅವನು ಹೆಚ್ಚಿನ ಪ್ರಯತ್ನ ಮಾಡಲಿಲ್ಲ. ಈ ಗುರಿಯನ್ನು ದೊಡ್ಡವರು ಮಾತ್ರ ಮುಟ್ಟಬಲ್ಲರೆಂದು ತಿಳಿಯಬಾರದು, ಸಣ್ಣವರಿಗೂ ಅದು ಸಾಧ್ಯ ಎಂಬುದು ಮಸ್ಕಿ ಶಾಸನದ ಕೊನೆಯ ಆಶಯ.

ಅದೇ ಅರಸನ ಮೂರನೆಯ ಸ್ತಂಭಶಾಸನವು ಈ ಲೆಕ್ಕ ಏಕೆ ಕಷ್ಟವೆಂಬುದನ್ನು ತಿಳಿಸುತ್ತದೆ. ಮನುಷ್ಯನು ತಾನು ಮಾಡಿದ ಒಳಿತನ್ನು ಕಾಣುತ್ತಾನೆ, ಕೆಡುಕನ್ನು ಕಾಣುವುದಿಲ್ಲ. ಇಂಥ ಪರಿಶೋಧನೆ ನಿಜಕ್ಕೂ ದುಸ್ತರ ಎಂಬುದು ಅದರ ಸಾರ. ಸತ್ಯವೇದವೂ ಇದೇ ಕಷ್ಟವನ್ನು ಮುಂದಿಡುತ್ತದೆ. ತನ್ನ ತಪ್ಪುಗಳನ್ನು ತಾನೇ ತಿಳಿದುಕೊಳ್ಳುವವನು ಯಾರೆಂದು ಕೀರ್ತನೆಗಾರನು ಕೇಳುತ್ತಾನೆ (ಕೀರ್ತನೆ 19:12). ಬಡವನ ಕುರಿಮರಿಯ ಕಥೆಯನ್ನು ಕೇಳಿ ಕೋಪಗೊಂಡ ದಾವೀದನಿಗೆ ಆ ಕಥೆಯ ಅಪರಾಧಿ ತಾನೇ ಎಂಬುದು ನಾತಾನನು ಬೆರಳು ಮಾಡಿ ತೋರಿಸುವವರೆಗೂ ಹೊಳೆಯಲಿಲ್ಲ (2 ಸಮುವೇಲ 12). ಪರರ ಪಾಪವನ್ನು ಕುರಿತು ನಿತ್ಯವೂ ಬೋಧಿಸುವವನಿಗೆ ಈ ಕುರುಡುತನ ಇನ್ನೂ ಹತ್ತಿರದ್ದು.

ಹಾಗಾದರೆ ಆತ್ಮಪರಿಶೋಧನೆ ವ್ಯರ್ಥವೇ? ಅಲ್ಲ; ಅದರ ಕರ್ತೃ ಯಾರೆಂಬುದನ್ನು ಸರಿಪಡಿಸಿಕೊಳ್ಳಬೇಕು. ತನ್ನ ಮನಸ್ಸಾಕ್ಷಿಗೆ ಯಾವ ದೋಷವೂ ಕಾಣದಿದ್ದರೂ ಅದರಿಂದ ತಾನು ನೀತಿವಂತನೆನಿಸಲಿಲ್ಲ, ತನ್ನನ್ನು ವಿಚಾರಿಸುವವನು ಕರ್ತನೇ ಎಂಬುದು ಪೌಲನ ನಿಲುವು (1 ಕೊರಿಂಥ 4:4). 139ನೆಯ ಕೀರ್ತನೆಯ ಕೊನೆಯಲ್ಲಿಯೂ ಹೃದಯವನ್ನು ಶೋಧಿಸುವ ಕೆಲಸವನ್ನು ದೇವರಿಗೇ ಒಪ್ಪಿಸಲಾಗಿದೆ. ದೇವರನ್ನು ಅರಿಯುವುದೂ ತನ್ನನ್ನು ಅರಿಯುವುದೂ ಒಂದಕ್ಕೊಂದು ಹೆಣೆದುಕೊಂಡಿವೆ ಎಂಬ ವಿಚಾರದಿಂದಲೇ ಕ್ಯಾಲ್ವಿನ್ ತನ್ನ ಮುಖ್ಯ ಗ್ರಂಥವನ್ನು ಆರಂಭಿಸಿದನು. ನಾವು ಮಾಡಬಹುದಾದದ್ದು ಇಷ್ಟೇ: ಆ ಶೋಧನೆಗೆ ದಿನದಲ್ಲಿ ನಿಶ್ಚಿತವಾದ ಹೊತ್ತನ್ನು ಬಿಟ್ಟುಕೊಡುವುದು. ಸಣ್ಣ ರೂಢಿಗಳ ಬೆಲೆ ಇರುವುದು ಇಲ್ಲಿಯೇ.

ಈ ಬಿಟ್ಟುಕೊಡುವಿಕೆಗೆ ಸಭೆಯ ಪರಂಪರೆಯಲ್ಲಿ ಸ್ಪಷ್ಟವಾದ ವಿಧಾನಗಳಿವೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಷ್ಟು ಹಿಂದೆಯೇ, ಗೋವೆಯಿಂದ ಬಂದ ಮಿಷನರಿಗಳ ಸೇವೆಯಿಂದ ಕ್ರೈಸ್ತ ಸಮುದಾಯವೊಂದು ಬೇರೂರಿತು. ಗೋವೆಯ ಆ ಕಾಲದ ಮಿಷನ್ ಕೆಲಸದಲ್ಲಿ ಮುಂದಿದ್ದವರಲ್ಲಿ ಯೇಸುಸಭೆಯವರೂ ಒಬ್ಬರು. ಅದರ ಸ್ಥಾಪಕ ಲೊಯೋಲದ ಇಗ್ನೇಷಿಯಸ್‌ನ ‘ಆಧ್ಯಾತ್ಮಿಕ ಸಾಧನೆಗಳು’ 1548ರಲ್ಲಿ ಮುದ್ರಣಗೊಂಡಿತು. ಅದರಲ್ಲಿ ಎರಡು ಬಗೆಯ ಪರಿಶೋಧನೆಗಳಿವೆ.

ಮೊದಲನೆಯದು ವಿಶೇಷ ಪರಿಶೋಧನೆ. ಬೆಳಗ್ಗೆ ಎದ್ದೊಡನೆ ತಿದ್ದಿಕೊಳ್ಳಬೇಕಾದ ಒಂದೇ ಒಂದು ದೋಷವನ್ನು ನೆನೆದು ನಿಶ್ಚಯಿಸುವುದು. ಮಧ್ಯಾಹ್ನದ ಊಟದ ನಂತರ ಒಮ್ಮೆ, ರಾತ್ರಿ ಊಟದ ನಂತರ ಒಮ್ಮೆ ಹೊತ್ತುಹೊತ್ತಿನ ಲೆಕ್ಕ ನೋಡುವುದು. ದಿನಕ್ಕೆ ಎರಡು ಗೆರೆಗಳನ್ನೆಳೆದು, ಎಡವಿದಷ್ಟು ಸಲ ಅವುಗಳ ಮೇಲೆ ಚುಕ್ಕೆಯಿಡಬೇಕು. ಎಡವಿದ ಕ್ಷಣದಲ್ಲಿಯೇ ಎದೆಯ ಮೇಲೆ ಕೈಯಿಟ್ಟುಕೊಳ್ಳಬೇಕು. ಜನರ ನಡುವೆಯೂ ಯಾರಿಗೂ ತಿಳಿಯದಂತೆ ಇದನ್ನು ಮಾಡಬಹುದು. ಬಳಿಕ ಎರಡನೆಯ ಗೆರೆಯನ್ನು ಮೊದಲನೆಯದರೊಂದಿಗೆ, ದಿನವನ್ನು ದಿನದೊಂದಿಗೆ, ವಾರವನ್ನು ವಾರದೊಂದಿಗೆ ಹೋಲಿಸಬೇಕು. ಎರಡನೆಯದು ಸಾಮಾನ್ಯ ಪರಿಶೋಧನೆ. ಅದಕ್ಕೆ ಐದು ಹೆಜ್ಜೆಗಳು: ಪಡೆದ ಉಪಕಾರಗಳಿಗಾಗಿ ದೇವರಿಗೆ ಸ್ತೋತ್ರ, ಪಾಪವನ್ನು ಅರಿಯಲು ಕೃಪೆಗಾಗಿ ಬೇಡಿಕೆ, ಆಲೋಚನೆ, ಮಾತು, ಕ್ರಿಯೆಗಳ ಲೆಕ್ಕ, ಕ್ಷಮೆಯ ಯಾಚನೆ, ತಿದ್ದಿಕೊಳ್ಳುವ ನಿಶ್ಚಯ. ಮೊದಲ ಹೆಜ್ಜೆ ಪಾಪದ ಎಣಿಕೆಯಲ್ಲ, ಸ್ತೋತ್ರ ಎಂಬುದನ್ನು ಮರೆಯಲಾಗದು.

ಜಾನ್ ವೆಸ್ಲಿ 1738ರಲ್ಲಿ ಸಣ್ಣ ಗುಂಪುಗಳಿಗಾಗಿ ಬರೆದ ನಿಯಮಗಳು ಇದಕ್ಕೆ ಇನ್ನೊಂದು ಅಂಗವನ್ನು ಕೂಡಿಸುತ್ತವೆ. ವಾರಕ್ಕೊಮ್ಮೆ ಸೇರಿ, ಹಿಂದಿನ ಕೂಟದಿಂದೀಚೆಗೆ ಮಾಡಿದ ಪಾಪಗಳೇನು, ಎದುರಿಸಿದ ಶೋಧನೆಗಳೇನು, ಅವುಗಳಿಂದ ಪಾರಾದ ಬಗೆ ಹೇಗೆ ಎಂದು ಒಬ್ಬರನ್ನೊಬ್ಬರು ಕೇಳಬೇಕು. ಸ್ವಂತ ಕಣ್ಣಿಗೆ ಕಾಣದ್ದು ಸಹೋದರನ ಪ್ರಶ್ನೆಗೆ ಸಿಕ್ಕಬಹುದು. ನಾತಾನನಿಲ್ಲದ ದಾವೀದನಿಗೆ ಚುಕ್ಕೆಗಳ ಪುಸ್ತಕದಿಂದಲೂ ಪ್ರಯೋಜನವಾಗದು.

ಈ ವಿಧಾನಗಳನ್ನು ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಸಭಾಪಾಲಕನ ದಿನಕ್ಕೆ ಹೊಂದಿಸಿ ನೋಡೋಣ. ಅವನು ಊರಿಂದೂರಿಗೆ ಓಡಾಡುವವನು. ಸಭೆಯ ಹಲವರು ಕೂಲಿಯವರು. ದುಡಿಮೆ ಅರಸಿ ಬೆಂಗಳೂರಿಗೆ ಗುಳೆ ಹೋದ ಕುಟುಂಬಗಳ ಮುದುಕರೂ ಮಕ್ಕಳೂ ಊರಲ್ಲಿಯೇ ಉಳಿದಿರುತ್ತಾರೆ. ಅವನ ಸಂಜೆಯ ಲೆಕ್ಕದಲ್ಲಿ ‘ನಾನು ಕೋಪಿಸಿಕೊಂಡೆನೇ’ ಎಂಬ ಪ್ರಶ್ನೆಯೊಂದೇ ಸಾಲದು. ಇಂದು ಯಾರ ಮನೆಯಲ್ಲಿ ಕುಳಿತು ಚಹಾ ಕುಡಿದೆ, ಯಾರ ಮನೆಯ ಹೊಸ್ತಿಲಲ್ಲೇ ನಿಂತು ಪ್ರಾರ್ಥಿಸಿ ಹೊರಟೆ? ಯಾರ ಹೆಸರು ನೆನಪಿಗೆ ಬಂತು, ಯಾರದು ಬರಲಿಲ್ಲ? ಕಾಣಿಕೆ ಹೆಚ್ಚು ಕೊಡುವವನ ಮಾತಿಗೆ ನನ್ನ ದನಿ ಮೃದುವಾಯಿತೇ? ಜಾತಿಯ ಹಳೆಯ ರೂಢಿಗಳು ಅಡಗಿಕೊಳ್ಳುವುದು ಪ್ರಸಂಗದಲ್ಲಲ್ಲ, ಇಂಥ ಸಣ್ಣ ನಡೆಗಳಲ್ಲಿ. ದಿನದಿನವೂ ನೋಡದ ಹೊರತು ಅವು ಕಣ್ಣಿಗೆ ಬೀಳಲಾರವು.

ಸಿಂಧನೂರು ಭಾಗದ ರೈತರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಗೇಜ್ ಪರಿಚಿತ. ನೀರು ಹರಿಯುತ್ತಿದೆಯೆಂಬುದು ಬರಿಗಣ್ಣಿಗೂ ಕಾಣುತ್ತದೆ. ಎಷ್ಟು ಕುಗ್ಗಿದೆಯೆಂಬುದನ್ನು ಗೇಜ್ ಮಾತ್ರ ಹೇಳುತ್ತದೆ. ಕುಗ್ಗಿದ ನೀರಿನ ಪೆಟ್ಟು ಮೊದಲು ಬೀಳುವುದು ಮೇಲ್ಭಾಗದ ಹೊಲಕ್ಕಲ್ಲ, ಕಾಲುವೆಯ ಕೊನೆಭಾಗದ ಹೊಲಕ್ಕೆ. ಸಭಾಸೇವಕನ ಒಳಗಿನ ಬತ್ತುವಿಕೆಯೂ ಹಾಗೆಯೇ. ಪೀಠದ ಮಾತು ಎಂದಿನಂತೆ ಹರಿಯುತ್ತಿರಬಹುದು. ಬಾಯಾರುವವರು ಸಭೆಯ ಅಂಚಿನವರು. ಆದ್ದರಿಂದ ಪರಿಶೋಧನೆ ಸೇವಕನ ಸ್ವಂತ ನೆಮ್ಮದಿಗಾಗಿ ಮಾತ್ರವಲ್ಲ, ನೆರೆಯವನಿಗೆ ಸಲ್ಲಬೇಕಾದ ನ್ಯಾಯಕ್ಕಾಗಿ ಇರುವಂಥದು.

ಎರಡು ಅಪಾಯಗಳ ಬಗ್ಗೆ ಎಚ್ಚರವಿರಲಿ. ಮೊದಲನೆಯದು ಫರಿಸಾಯನದು (ಲೂಕ 18:11-12). ಅವನೂ ಸ್ತೋತ್ರದಿಂದಲೇ ಆರಂಭಿಸಿದನು, ವಾರದ ಲೆಕ್ಕವನ್ನೂ ಒಪ್ಪಿಸಿದನು. ಆದರೆ ಅವನ ಅಳತೆಗೋಲು ಪಕ್ಕದಲ್ಲಿ ನಿಂತ ಸುಂಕದವನು. ಚುಕ್ಕೆ ಕಡಿಮೆಯಾದ ವಾರದಲ್ಲಿ ಈ ಅಪಾಯ ಹೆಚ್ಚು. ಎರಡನೆಯದು ಇದಕ್ಕೆ ವಿರುದ್ಧವಾದದ್ದು. ಹುಟ್ಟಿದಂದಿನಿಂದ ‘ನೀನು ಕೀಳು’ ಎಂಬ ಮಾತನ್ನೇ ಕೇಳಿ ಬೆಳೆದ ಕೂಲಿಯ ಹೆಣ್ಣುಮಗಳಿಗೆ ದೋಷಗಳನ್ನು ಎಣಿಸಲು ಮಾತ್ರ ಕಲಿಸಿದರೆ, ಲೋಕವು ಹೊರಿಸಿದ ಭಾರದ ಮೇಲೆ ಸಭೆಯೂ ಇನ್ನೊಂದು ಭಾರವನ್ನು ಹೊರಿಸಿದಂತಾಯಿತು. ತಾನು ದೇವರ ಸ್ವರೂಪದಲ್ಲಿ ಉಂಟುಮಾಡಲ್ಪಟ್ಟವಳು, ತನಗಾದ ಅನ್ಯಾಯ ತನ್ನ ಪಾಪವಲ್ಲ ಎಂದು ತಿಳಿಯುವುದೂ ಆತ್ಮಜ್ಞಾನವೇ. ಅವಳಿಗೆ ಆ ಮೊದಲ ಹೆಜ್ಜೆಯಾದ ಸ್ತೋತ್ರದಲ್ಲಿ ಬಹುಕಾಲ ನಿಲ್ಲುವ ಹಕ್ಕಿದೆ. ಒಂದೇ ಪ್ರಶ್ನಾವಳಿಯನ್ನು ಎಲ್ಲರಿಗೂ ಹಂಚುವ ಪಾಲಕನು ಇದನ್ನು ಗಮನಿಸತಕ್ಕದ್ದು.

ಸೆಮಿನರಿಯ ವರ್ಷಗಳಲ್ಲಿ ಗಂಟೆಯ ಸದ್ದು ಪ್ರಾರ್ಥನೆಯ ಹೊತ್ತನ್ನು ಕಾಯುತ್ತದೆ. ಸಭೆಗೆ ಹೋದ ಮೇಲೆ ಆ ಗಂಟೆ ಇರುವುದಿಲ್ಲ. ಆದುದರಿಂದ ರೂಢಿಯನ್ನು ಈಗಲೇ, ಅದೂ ಸಣ್ಣದಾಗಿ, ಕಟ್ಟಿಕೊಳ್ಳುವುದು ವಿವೇಕ. ಒಂದು ದೋಷ, ಎರಡು ಗೆರೆ, ರಾತ್ರಿಯ ಹತ್ತು ನಿಮಿಷ, ವಾರಕ್ಕೊಮ್ಮೆ ಒಬ್ಬ ನಂಬಿಗಸ್ತ ಸಹೋದರ ಅಥವಾ ಸಹೋದರಿ. ತಪ್ಪಿದ ದಿನದ ಗೆರೆಯನ್ನು ಖಾಲಿ ಬಿಟ್ಟು ಮರುದಿನ ಮುಂದುವರಿಯಬೇಕು. ರಾತ್ರಿಯ ಲೆಕ್ಕದಲ್ಲಿ ಯಾರದಾದರೂ ಮುಖ ಕಂಡರೆ, ಬೆಳಗಾದೊಡನೆ ಮೊದಲು ಆ ಮನೆಗೆ ಹೋಗಬೇಕು. ಯಜ್ಞವೇದಿಯ ಮುಂದೆ ಕಾಣಿಕೆಯನ್ನು ಬಿಟ್ಟು, ಸಹೋದರನೊಡನೆ ಸಮಾಧಾನವಾಗಲು ಹೊರಡಬೇಕೆಂದು ಕರ್ತನು ಕಲಿಸಿದ್ದೂ (ಮತ್ತಾಯ 5:23-24) ಇದನ್ನೇ.